ಗಡಹಿಂಗ್ಲಜದ ಮುಂಜಾನೆಯ ಗಂಟೆ

ಕೊಲ್ಹಾಪುರ

ಪಾಸ್‌ಪೋರ್ಟ್ ಇಲ್ಲದೆ, ವಿಮಾನ ಹತ್ತದೆ, ಒಂದೇ ರಾತ್ರಿಯ ರೈಲಿನಲ್ಲಿ ನಾನು ಪರದೇಶಕ್ಕೆ ಹೋಗಿ ಬಂದೆ. ನಗುವವರು ನಗಲಿ. ಮಂಡ್ಯ ಸೀಮೆಯಲ್ಲಿ ಹುಟ್ಟಿ ಮೈಸೂರಿನಲ್ಲಿ ಅನ್ನ ಸಂಪಾದಿಸುವ ನನಗೆ ಬೆಳಗಾವಿಯೇ ದೂರದ ಊರು. ಕೊಲ್ಹಾಪುರಕ್ಕೆ ಸ್ವಲ್ಪ ಮುಂಚಿನ ಹಾತಕಣಂಗಲೆ ಸ್ಟೇಷನ್ನಿನಲ್ಲಿ ಕಣ್ಣುಬಿಟ್ಟಾಗ ಬೋರ್ಡಿನ ಅಕ್ಷರ ಬೇರೆ, ಚಹಾ ಮಾರುವವನ ಕೂಗು ಬೇರೆ, ಎದುರು ಸೀಟಿನ ಹೆಂಗಸಿನ ಸೀರೆಯ ಕಚ್ಚೆ ಬೇರೆ. ಇಷ್ಟಾದ ಮೇಲೂ ಅದು ಪರದೇಶವಲ್ಲ ಎನ್ನುವವರ ಹತ್ತಿರ ನಾನು ವಾದಕ್ಕೆ ಕೂರುವುದಿಲ್ಲ.

ಹೋದದ್ದು ಊರು ನೋಡಲಿಕ್ಕಲ್ಲ, ಬಿಲ್ಲೆ ಅಂಟಿಸಲಿಕ್ಕೆ. ನಾನು ಕೆಲಸ ಮಾಡುವ ಚಿಕ್ಕ ಕಂಪನಿ ಒಂದು ಸೆನ್ಸರ್ ತಯಾರಿಸುತ್ತಿದೆ. ನೋಡಲು ಹತ್ತು ರೂಪಾಯಿಯ ನಾಣ್ಯದಷ್ಟು ಅಗಲದ ಬಿಲ್ಲೆ. ಅದನ್ನು ರಟ್ಟೆಗೆ ಅಂಟಿಸಬೇಕು. ಅಡಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಮುಳ್ಳುಗಳಿವೆ. ಚರ್ಮದ ಕೆಳಗಿನ ನೀರನ್ನು ಅವು ಐದೈದು ನಿಮಿಷಕ್ಕೊಮ್ಮೆ ರುಚಿ ನೋಡಿ, ಪೊಟ್ಯಾಸಿಯಮ್ ಎಷ್ಟಿದೆ ಎಂದು ರೋಗಿಯ ಫೋನಿಗೂ ಅದರ ಮೂಲಕ ನನ್ನ ಫೋನಿಗೂ ಹೇಳುತ್ತವೆ. ಮಿತಿ ಮೀರಿದರೆ ಎರಡೂ ಕಡೆ ಗಂಟೆ ಬಾರಿಸುತ್ತದೆ. ಮೂತ್ರಪಿಂಡ ಸೋತವರಿಗೆಂದು ಮಾಡಿದ್ದು. ಇನ್ನೂ ಪ್ರಯೋಗದ ಹಂತದಲ್ಲಿದೆ. ಇಬ್ಬರು ರೋಗಿಗಳಿಗೆ ಅಂಟಿಸಿ, ಕೆಲವು ದಿನ ಜೊತೆಗಿದ್ದು, ಬಳಸುವುದನ್ನು ಕಲಿಸಿ ಬರುವುದು ನನ್ನ ಪಾಲಿನ ಕೆಲಸ.

ಕೊಲ್ಹಾಪುರದ ಕಿಡ್ನಿ ಡಾಕ್ಟರು ಗಿಡ್ಡನೆಯ, ಚುರುಕು ನಡಿಗೆಯ ಹೆಂಗಸು. ಮನೆಮಾತು ಮರಾಠಿ. ಕನ್ನಡವನ್ನು ಗಡಿಯ ಹಳ್ಳಿಗಳ ರೋಗಿಗಳಿಂದಲೇ ಕಲಿತಿದ್ದರು. ಬಿಲ್ಲೆಯನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿ ಕೇಳಿದರು.

"ಇದು ಖರೇ ಹೇಳತೈತೇನು?"

"ಹೇಳುತ್ತೆ, ಡಾಕ್ಟ್ರೇ."

"ತಿಂಗಳಿಗೊಮ್ಮೆ ರಕ್ತ ತೆಗಸ್ತಾರ. ಆ ದಿನದ್ದಷ್ಟ ನನಗ ಗೊತ್ತಾಗತೈತಿ. ಉಳದ ದಿನ ದೇವರss ನೋಡ್ಕೋಬೇಕು. ಪೊಟ್ಯಾಸಿಯಮ್ ಏರಿದ್ರ ಮೊದಲ ಕಾಲಾಗಿನ ಶಕ್ತಿ ಹೋಗತೈತಿ. ಆಮ್ಯಾಲ ಹೃದಯ ನಿಲ್ಲತೈತಿ. ನಡುವ ಭಾಳ ವ್ಯಾಳೆ ಸಿಗಂಗಿಲ್ಲ, ಬಾಯಿ. ಗಂಟಿ ಆತಂದ್ರ ನನಗ ಫೋನ್ ಮಾಡ್ರಿ."

ಆ ಕಡೆ ಹೆಂಗಸರನ್ನು ಬಾಯಿ, ಬಾಯಾರ ಎಂದೇ ಕರೆಯುತ್ತಾರೆ. ಮಾಡುತ್ತೇನೆ ಎಂದು ಮಾತು ಕೊಟ್ಟೆ. ಹೊರಗೆ ಬಂದು, ಈ ಊರಿಗೆ ಬಂದವರೆಲ್ಲ ಮಾಡುವ ತಪ್ಪನ್ನು ನಾನೂ ಮಾಡಿದೆ. ಒಂದು ಜೊತೆ ಚಪ್ಪಲಿ ಕೊಂಡು ಅಲ್ಲೇ ಕಾಲಿಗೆ ಹಾಕಿಕೊಂಡೆ. ಹೆಜ್ಜೆಗೊಮ್ಮೆ ಕರ್ ಎನ್ನುತ್ತಿತ್ತು. ಸದ್ದು ಮಾಡುವುದೇ ಅದರ ಗತ್ತು ಎಂದು ಅಂಗಡಿಯವನು ಹೇಳಿದ. ಸಂಜೆಯೊಳಗೆ ಎರಡೂ ಹೆಬ್ಬೆರಳ ಪಕ್ಕ ಬೊಬ್ಬೆ ಎದ್ದಿತ್ತು. ಎಣ್ಣೆ ಹಚ್ಚದೆ ಹೊಸ ಕೊಲ್ಹಾಪುರಿ ಹಾಕುವವರು ಹುಚ್ಚರು ಎಂದು ನನ್ನ ಬಾಡಿಗೆ ಜೀಪಿನ ಚಾಲಕ ಬಾಳಾಸಾಹೇಬ ತೀರ್ಪು ಕೊಟ್ಟ.

ಗಡಹಿಂಗ್ಲಜ, ಮೊದಲ ದಿನ

ಕೊಲ್ಹಾಪುರದಿಂದ ಗಡಹಿಂಗ್ಲಜಕ್ಕೆ ಹೋಗುವ ದಾರಿ ನಿಪ್ಪಾಣಿ, ಸಂಕೇಶ್ವರದ ಮೇಲೆ ಹಾದುಹೋಗುತ್ತದೆ. ಎರಡೂ ಕರ್ನಾಟಕದ ಊರು. ಪರದೇಶದ ಒಂದು ಊರಿಂದ ಇನ್ನೊಂದಕ್ಕೆ ಹೋಗಲು ನನ್ನ ದೇಶವನ್ನೇ ದಾಟಬೇಕು! ಕನ್ನಡ ಬೋರ್ಡು ಕಂಡಾಗ ನಾನು ಚಪ್ಪಾಳೆ ತಟ್ಟಿದೆ. ಬಾಳಾಸಾಹೇಬ ಕನ್ನಡಿಯಲ್ಲಿ ನನ್ನನ್ನು ನೋಡಿ, ಪಾಪ ಅನ್ನುವಂತೆ ತಲೆಯಾಡಿಸಿದ.

ನನ್ನ ಮೊದಲ ರೋಗಿ ಮಲ್ಲಪ್ಪ ಕಾಕಾ. ಅರವತ್ತಾರರ ವಯಸ್ಸು, ಬೆಲ್ಲದ ವ್ಯಾಪಾರ, ಲಿಂಗವಂತರ ಮನೆ. ಅಜ್ಜನ ಕಾಲದಲ್ಲಿ ಹುಕ್ಕೇರಿ ಕಡೆಯಿಂದ ಬಂದು ನೆಲೆನಿಂತವರು. ಮುಂದೆ ಬೆಲ್ಲದ ದೊಡ್ಡ ಅಚ್ಚುಗಳ, ಅಲ್ಲಿಯವರ ಮಾತಿನಲ್ಲಿ ಪೆಂಟೆಗಳ ಅಂಗಡಿ, ಹಿಂದೆ ಮನೆ. ಎರಡು ವರ್ಷದಿಂದ ಕಿಡ್ನಿ ಅರ್ಧಕ್ಕಿಂತ ಕಡಿಮೆ ಕೆಲಸ ಮಾಡುತ್ತಿದೆ. ಮನೆಯಲ್ಲಿ ಹೆಂಡತಿ ಗಂಗವ್ವ, ಸೊಸೆ ವೈಶಾಲಿ. ಮಗ ಬೆಲ್ಲದ ಲಾರಿಯ ಜೊತೆ ಗುಜರಾತಿಗೆ ಹೋಗಿದ್ದ. ವೈಶಾಲಿ ಆಜರಾ ಊರಿನ ಮರಾಠಿ ಹುಡುಗಿ. ಮದುವೆಯಾದ ಮೇಲೆ ಕಲಿತ ಕನ್ನಡವನ್ನು ಅತ್ತೆಗಿಂತ ಜೋರಾಗಿ ಮಾತಾಡುತ್ತಿದ್ದಳು.

ನಾನು ಲಾಡ್ಜಿನ ಮಾತೆತ್ತಿದ್ದಕ್ಕೆ ಗಂಗವ್ವ ಸಿಟ್ಟಾದರು. "ಮನಿ ಇದ್ದಾಗ ಲಾಡ್ಜಿಗೆ ಹೋಗಾಕ ನಾವೇನ ಸತ್ತೇವೇನ್ರಿ ಬಾಯಾರ?" ನಮ್ಮ ಕಡೆ ನೆಂಟರಿಗೂ ಇಷ್ಟು ಜೋರು ಮಾಡುವುದಿಲ್ಲ. ಕಾಕಾ ರಟ್ಟೆ ಚಾಚಿ ಕೂತರು. ಬಿಲ್ಲೆ ಅಂಟಿಸುವಾಗ ಕಣ್ಣು ಮುಚ್ಚಲಿಲ್ಲ.

"ಇರುವಿ ಕಚ್ಚಿದಾಂಗಾತು, ಅಷ್ಟ. ತಂಗಿ, ಇದು ನಾ ಸಾಯೂದನ್ನ ಮೊದಲss ಹೇಳತೈತೇನು?"

"ಸಾಯಬಾರದು ಅಂತಲೇ ಹೇಳೋದು, ಕಾಕಾ."

"ಹಂಗಾದ್ರ ಒಳ್ಳೇದು ಬಿಡು. ಹೊತ್ತು ಗೊತ್ತಾದ್ರ ವ್ಯಾಪಾರ ಮಾಡಾಕ ಮನಸ ಬರಂಗಿಲ್ಲ."

ಮರುದಿನ ಬೆಳಿಗ್ಗೆ ಐದೂವರೆಗೆ ಗಂಟೆ ಬಾರಿಸಿತು. ನನ್ನ ಫೋನೂ, ಅಡುಗೆಮನೆಯಲ್ಲಿದ್ದ ಕಾಕಾನ ಫೋನೂ ಒಟ್ಟಿಗೇ ಕಿರುಚಿದವು. ಐದರೊಳಗೆ ಇರಬೇಕಾದ ಪೊಟ್ಯಾಸಿಯಮ್ ಆರೂವರೆ ದಾಟಿತ್ತು. ಎದ್ದು ಓಡಿದೆ. ಕಾಕಾ ಪೂಜೆಯ ಕೋಣೆಯಲ್ಲಿ, ಎಡಗೈಯಲ್ಲಿ ಇಷ್ಟಲಿಂಗ ಹಿಡಿದು ಅದರಲ್ಲೇ ಕಣ್ಣು ನೆಟ್ಟು ಕೂತಿದ್ದರು. ನಾನು ಬಾಗಿಲಲ್ಲಿ ನಿಂತು ಕರೆದೆ. ಗಂಗವ್ವ ನನ್ನ ತೋಳು ಹಿಡಿದು ಹಿಂದಕ್ಕೆಳೆದರು.

"ಲಿಂಗ ಕೈಯಾಗೈತಿ. ಈಗ ಮಾತಾಡಂಗಿಲ್ರಿ."

"ಅಮ್ಮ, ಹೃದಯ ನಿಲ್ಲಬಹುದು!"

"ಅಯ್ಯ, ಹಂಗನ್ನಬ್ಯಾಡ್ರಿ!" ಎಂದರು. ಮುಖ ಬಿಳಿಚಿತು. ಆದರೂ ದಾರಿ ಬಿಡಲಿಲ್ಲ. ಇಪ್ಪತ್ತು ನಿಮಿಷ ನಾವಿಬ್ಬರೂ ಆ ಹೊಸ್ತಿಲಲ್ಲಿ ಕಾಕಾನ ಬೆನ್ನು ಉಸಿರಿಗೆ ಏರಿಳಿಯುವುದನ್ನು ಎಣಿಸುತ್ತಾ ನಿಂತೆವು. ಅಷ್ಟು ಉದ್ದದ ಇಪ್ಪತ್ತು ನಿಮಿಷವನ್ನು ನಾನು ಬಾಳಿನಲ್ಲಿ ಕಂಡಿರಲಿಲ್ಲ.

ಅವರು ಏಳುತ್ತಲೇ ಬೆರಳು ಚುಚ್ಚಿ, ನನ್ನ ಚೀಲದಲ್ಲಿದ್ದ ಚಿಕ್ಕ ರಕ್ತಪರೀಕ್ಷೆಯ ಯಂತ್ರದಲ್ಲಿ ಹಾಕಿದೆ. ರಕ್ತ ಸರಿಯಾಗಿತ್ತು! ಬಿಲ್ಲೆ ಸುಳ್ಳು ಹೇಳಿತ್ತು. ಮತ್ತೆ ನೋಡಿದಾಗ ಕಾರಣ ಕಣ್ಣೆದುರಿಗೇ ಇತ್ತು. ಕಾಕಾನ ಹಣೆ, ಕುತ್ತಿಗೆ, ಎದೆ, ಎರಡೂ ರಟ್ಟೆ, ಎಲ್ಲದರ ಮೇಲೂ ಮೂರು ಬೆರಳ ವಿಭೂತಿಯ ಪಟ್ಟೆ. ನೀರಲ್ಲಿ ಕಲಸಿ ಬಳಿದದ್ದು. ಬಲರಟ್ಟೆಯ ಪಟ್ಟೆ ನೇರವಾಗಿ ಬಿಲ್ಲೆಯ ಮೇಲೇ ಹಾದಿತ್ತು. ಬೂದಿನೀರು ಅಂಚಿನಿಂದ ಒಳಗೆ ಇಳಿದಿತ್ತು. ಅಂಗಡಿಯ ವಿಭೂತಿಯೂ ಅಲ್ಲ, ಗಂಗವ್ವ ಮನೆಯ ಆಕಳ ಸಗಣಿಯ ಕುಳ್ಳು ಸುಟ್ಟು ತಾವೇ ಮಾಡಿದ್ದು. ಹಸಿ ಬೂದಿಯಲ್ಲಿ ಪೊಟ್ಯಾಸಿಯಮ್ ಇರದೆ ಇನ್ನೇನು? ನಮ್ಮ ಮೈಸೂರಿನ ಕೋಣೆಯಲ್ಲಿ ಬೆವರಿಗೆ, ಸಾಬೂನಿಗೆ, ಎಣ್ಣೆಗೆ ಎಲ್ಲಕ್ಕೂ ಪರೀಕ್ಷೆ ಮಾಡಿದ್ದೆವು. ವಿಭೂತಿ ಎಂದರೆ ಹಣೆಗೆ ಮಾತ್ರ ಎಂದು ನಾವೆಲ್ಲ ತಿಳಿದಿದ್ದೆವು.

ಆ ರಟ್ಟೆಗೆ ಹಚ್ಚಬೇಡಿ ಅಂದೆ. ಕಾಕಾ ನನ್ನನ್ನು ಬಹಳ ತಾಳ್ಮೆಯಿಂದ ನೋಡಿದರು. "ಒಂದ ರಟ್ಟಿ ಬಿಟ್ಟು ಹಚ್ಚಾಕ ಅದೇನ ಪೌಡರೇನು, ತಂಗಿ?" ಸರಿ, ಬಿಲ್ಲೆಯನ್ನೇ ಬೇರೆ ಕಡೆ ಅಂಟಿಸೋಣ ಎಂದು ಮೈಸೂರಿಗೆ ಫೋನ್ ಮಾಡಿದೆ. ಪ್ರಯೋಗದ ನಿಯಮದಲ್ಲಿ ರಟ್ಟೆ ಎಂದೇ ಬರೆದಿದೆ, ಬದಲಿಸಲು ಸಮಿತಿಯ ಒಪ್ಪಿಗೆ ಬೇಕು, ಎರಡು ದಿನ ಆಗುತ್ತದೆ ಅಂದರು.

ಆ ಎರಡು ದಿನಕ್ಕೆ ನಾನೊಂದು ಉಪಾಯ ಮಾಡಿದೆ. ಕಾಕಾನ ಪೂಜೆ ಐದರಿಂದ ಶುರು. ಬೂದಿಯಿಂದ ಏರಿದ ಅಂಕಿ ಒಂದು ತಾಸಿನಲ್ಲಿ ತಾನಾಗಿ ಇಳಿದಿತ್ತು. ಐದರಿಂದ ಏಳರವರೆಗೆ ಗಂಟೆ ಬಾರದಂತೆ ಎರಡೂ ಫೋನಿನಲ್ಲಿ ಬಂದ್ ಮಾಡಿದೆ. ಮನೆಮಂದಿಯನ್ನು ಕೂರಿಸಿ, "ಬೆಳಗಿನ ಹೊತ್ತು ಅಂಕಿ ಏರಿದರೆ ಹೆದರಬೇಡಿ, ಅದು ಬೂದಿ" ಎಂದು ಹೇಳಿದೆ. ವೈಶಾಲಿ ಅದನ್ನು ಬಾಯಿಪಾಠ ಮಾಡಿಕೊಂಡಳು. ಡಾಕ್ಟರಿಗೆ ಫೋನ್ ಮಾಡಲಿಲ್ಲ. ಸುಳ್ಳು ಗಂಟೆಗೆ ಅವರ ಹೊತ್ತು ಯಾಕೆ ಹಾಳುಮಾಡಲಿ ಎಂದುಕೊಂಡೆ. ನಿಜ ಹೇಳಬೇಕೆಂದರೆ, ಒಂದೇ ಬೆಳಿಗ್ಗೆ ಇಷ್ಟು ದೊಡ್ಡ ಗುಟ್ಟು ಪತ್ತೆ ಮಾಡಿದೆನೆಂಬ ಹಮ್ಮು ನನಗೆ ಬಂದಿತ್ತು.

ಗುರ್ಹಾಳ

ನಮ್ಮ ಆಲೆಮನೆಯನ್ನು ಅಲ್ಲಿ ಗುರ್ಹಾಳ ಎನ್ನುತ್ತಾರೆ. ಅವತ್ತು ಮಧ್ಯಾಹ್ನ ಕಾಕಾಗೆ ಬೆಲ್ಲ ಕೊಡುವ ರೈತನೊಬ್ಬನ ಗುರ್ಹಾಳದಲ್ಲಿ ಈ ಸುಗ್ಗಿಯ ಮೊದಲ ಕೊಪ್ಪರಿಗೆ. ನನ್ನನ್ನೂ ಕರೆದುಕೊಂಡು ಹೋದರು. ಮಂಡ್ಯದವಳಿಗೆ ಬೆಲ್ಲ ತೋರಿಸಲು ಹೊರಟಿದ್ದೀರಲ್ಲ ಎಂದು ನಾನು ಛೇಡಿಸಿದೆ.

"ನಿಮ್ಮ ಬೆಲ್ಲ ನೋಡೇನಿ," ಅಂದರು ಕಾಕಾ. "ಬಣ್ಣ ಐತಿ, ಗಟ್ಟಿತನ ಇಲ್ಲ."

ದಾರಿಯುದ್ದ ಜಗಳವಾಡಿದೆವು. ಎರಡೂರಿನ ಬೆಲ್ಲಕ್ಕೂ ಒಂದೇ ಹೊಗೆ ವಾಸನೆ ಅನ್ನುವುದು ಅಲ್ಲಿ ಇಳಿದ ಮೇಲೆ ಗೊತ್ತಾಯಿತು. ಒಲೆಯ ಮುಂದೆ ಕಬ್ಬಿನ ಸಿಪ್ಪೆ ತಳ್ಳುತ್ತಿದ್ದ ಹೆಂಗಸು ಥೇಟು ನನ್ನ ಸೋದರತ್ತೆಯಂತೆ ಮುಖ ಸಿಂಡರಿಸಿಕೊಂಡು ಕೂತಿದ್ದಳು. ಪಾಕ ಗಟ್ಟಿಯಾಗುವ ಮೊದಲು ತೆಗೆಯುವ ಕೆಂಪು ರಸಕ್ಕೆ ಅವರು ಕಾಕವಿ ಎನ್ನುತ್ತಾರೆ. ಮೊದಲ ಕೊಪ್ಪರಿಗೆಯ ಕಾಕವಿಯನ್ನು ದೇವರಿಗೆ ತೋರಿಸಿ, ಆಮೇಲೆ ಬಂದ ಅತಿಥಿಗೆ ಕೊಡಬೇಕು. ರೈತ ದೊಡ್ಡ ಸ್ಟೀಲಿನ ಬಟ್ಟಲು ತುಂಬಿ ನನ್ನ ಮುಂದೆ ಹಿಡಿದ.

"ನನಗೆ ಸಕ್ಕರೆ ಕಾಯಿಲೆಯಪ್ಪ, ಆಗಲ್ಲ."

ಅವನ ಮುಖ ಸಪ್ಪಗಾಯಿತು. ಅತಿಥಿಯ ಹೆಸರಲ್ಲಿ ಸುರಿದ ಬಟ್ಟಲು ತಿರುಗಿ ಹೋಗಬಾರದಂತೆ, ಹೋದರೆ ಇಡೀ ಸುಗ್ಗಿಗೆ ಒಳ್ಳೆಯದಲ್ಲವಂತೆ. ನಾನು ಅತ್ತ ಇತ್ತ ನೋಡಿದೆ. ಕಾಕಾ ಕೈ ಚಾಚಿ ಬಟ್ಟಲು ತೆಗೆದುಕೊಂಡರು.

"ನಿನ್ನ ಪಾಲು ನಾ ಮುಗಸ್ತೇನಿ ತಂಗಿ. ನನಗ ಸಕ್ಕರಿ ಇಲ್ಲಲಾ, ಕಿಡ್ನಿ ಅಷ್ಟss."

ನಾನು ನಕ್ಕೆ. ಬದುಕಿದೆಯಾ ಬಡಜೀವವೇ ಅಂದುಕೊಂಡೆ. ಕಬ್ಬಿನ ರಸದಲ್ಲಿ, ಅದನ್ನು ಕಾಯಿಸಿ ಇಳಿಸಿದ ಕಾಕವಿಯಲ್ಲಿ ಪೊಟ್ಯಾಸಿಯಮ್ ತುಂಬಿರುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಯಾರಾದರೂ ಪ್ರಶ್ನೆಪತ್ರಿಕೆಯಲ್ಲಿ ಕೇಳಿದ್ದರೆ ಅರ್ಧ ಪುಟ ಬರೆಯುತ್ತಿದ್ದೆ. ಆ ಹೊಗೆಯಲ್ಲಿ, ಆ ನಗುವಿನಲ್ಲಿ ಅದು ನೆನಪಿಗೇ ಬರಲಿಲ್ಲ. ಹೊರಡುವಾಗ ರೈತ ಐದು ಲೀಟರಿನ ಒಂದು ಕ್ಯಾನು ಕಾಕವಿಯನ್ನು ಜೀಪಿನಲ್ಲಿಟ್ಟ. ಅದೂ ನನ್ನ ಹೆಸರಿನದೇ. ಇದನ್ನು ಹೊತ್ತುಕೊಂಡು ನಾನೆಲ್ಲಿ ಹೋಗಲಿ ಎಂದು ಗಂಗವ್ವನ ಅಡುಗೆಮನೆಯಲ್ಲಿ ಬಿಟ್ಟೆ.

ಸಂಜೆ ಅಂಕಿ ಕೊಂಚ ಏರಿತ್ತು, ಆದರೆ ಮಿತಿಯೊಳಗೇ ಇತ್ತು. ಬೆಳಗಿನ ಬೂದಿ ಇನ್ನೂ ಸ್ವಲ್ಪ ಉಳಿದಿರಬೇಕು ಅಂದುಕೊಂಡು ಅದನ್ನೂ ಅಲ್ಲಿಗೇ ಬಿಟ್ಟೆ.

ಇಚಲಕರಂಜಿ

ಮೂರನೆಯ ದಿನ ನಸುಕಿನಲ್ಲೇ ಹೊರಟೆ. ಕಾಕಾ ಇನ್ನೂ ಎದ್ದಿರಲಿಲ್ಲ. ಸುಗ್ಗಿಯ ದಣಿವು, ಮಲಗಲಿ ಎಂದರು ಗಂಗವ್ವ. ಬಾಳಾಸಾಹೇಬ ದಾರಿಯುದ್ದ ತನ್ನ ತಾಲೀಮಿನ, ಅಂದರೆ ಗರಡಿಮನೆಯ, ಪೈಲ್ವಾನರ ಕಥೆ ಹೇಳುತ್ತಿದ್ದ, ಒಬ್ಬೊಬ್ಬರು ದಿನಕ್ಕೆಷ್ಟು ಬಾದಾಮಿ ತಿನ್ನುತ್ತಾರೆ ಎಂಬುದನ್ನೂ ಸೇರಿಸಿ. ಜೀಪಿನ ಸದ್ದು ಬೇರೆ.

ಇಚಲಕರಂಜಿಯಲ್ಲಿ ಎರಡನೆಯ ರೋಗಿ ವಿದ್ಯುತ್ ಮಗ್ಗದ ಮಾಲಕರು. ಕಿರಿದಾದ ಶೆಡ್ಡಿನಲ್ಲಿ ಇಪ್ಪತ್ತು ಮಗ್ಗ. ಒಳಗೆ ಕಾಲಿಟ್ಟರೆ ಸದ್ದು ಕಿವಿಗಲ್ಲ, ಹಲ್ಲಿಗೇ ತಾಗುತ್ತದೆ. ಅಲ್ಲಿಯವರು ಕೂಗುವುದಿಲ್ಲ. ತುಟಿ ನೋಡಿ, ಬೆರಳು ನೋಡಿ ಮಾತಾಡುತ್ತಾರೆ. ಮೂರು ಮಗ್ಗದಾಚೆ ನಿಂತವನು ಚಹಾಕ್ಕೆ ಸಕ್ಕರೆ ಬೇಕೋ ಬೇಡವೋ ಎಂದು ಒಂದು ಬೆರಳಲ್ಲಿ ಕೇಳಿದ, ನಾನು ತಪ್ಪು ಬೆರಳಲ್ಲಿ ಉತ್ತರ ಕೊಟ್ಟು ಎರಡು ಚಮಚ ಸಕ್ಕರೆಯ ಚಹಾ ಕುಡಿದೆ. ಮಾಲಕರ ರಟ್ಟೆಗೆ ಬಿಲ್ಲೆ ಅಂಟಿಸುವ ಮೊದಲು, ಇಲ್ಲಿ ಬೂದಿ ಗೀದಿ ಹಚ್ಚುತ್ತೀರಾ ಎಂದು ಕೈಸನ್ನೆಯಲ್ಲಿ ಕೇಳಿದೆ. ಅವರು ಗಾಬರಿಯಿಂದ ನನ್ನನ್ನು ನೋಡಿದರು.

ಒಂಬತ್ತೂವರೆಗೆ ಕರೆಂಟ್ ಹೋಯಿತು. ಇಪ್ಪತ್ತೂ ಮಗ್ಗ ಒಮ್ಮೆಲೇ ನಿಂತವು. ಆ ನಿಶ್ಶಬ್ದದಲ್ಲಿ ನನ್ನ ಚೀಲದೊಳಗಿಂದ ಗಂಟೆ ಕೇಳಿಸಿತು.

ಎಷ್ಟು ಹೊತ್ತಿನಿಂದ ಬಾರಿಸುತ್ತಿತ್ತೋ. ಫೋನ್ ತೆಗೆದೆ. ಕಾಕಾನ ಅಂಕಿ ಆರೂವರೆಯ ಮೇಲೆ. ಬೂದಿ ಎಂದುಕೊಂಡೆ. ಇವತ್ತು ಪೂಜೆ ತಡವಾಗಿರಬೇಕು. ಫೋನನ್ನು ಚೀಲದಲ್ಲಿಡಲು ಹೋಗಿ ಮತ್ತೆ ತೆಗೆದು ಗೆರೆಯನ್ನು ನೋಡಿದೆ. ನಿನ್ನೆಯ ಬೂದಿಯ ಗೆರೆ ಗೋಡೆಯ ಹಾಗೆ ಎದ್ದು ಇಳಿದಿತ್ತು. ಇವತ್ತಿನದು ಬೆಳಗಿನ ನಾಲ್ಕೂವರೆಯಿಂದ ಮೆಲ್ಲಮೆಲ್ಲನೆ ಏರುತ್ತಲೇ ಇತ್ತು. ಮುಂಜಾನೆ ಐದಾದ ಮೇಲೆ ಅದು ಮಿತಿ ಮೀರಿದ ಹೊತ್ತಿಗೆ ನಾನು ಗಂಟೆಯ ಬಾಯಿ ಮುಚ್ಚಿಸಿದ್ದೆ. ಒಂದು ಕಡೆಯೂ ಇಳಿದಿರಲಿಲ್ಲ.

ವೈಶಾಲಿಗೆ ಫೋನ್ ಮಾಡಿದೆ.

"ಗಂಟೆ ಬಾರಿಸ್ತಿಲ್ವಾ ಅಲ್ಲಿ?"

"ಬಾರಸಾಕತ್ತೈತ್ರಿ ಮಾವಶಿ, ಏಳರಿಂದ. ನೀವss ಹೇಳಿದ್ರಲಾ ಬೂದಿ ಅಂತ. ಮಾಮಾಗ ನಿದ್ದಿ ಕೆಡತೈತಂತ ಫೋನ್ ಗಾದಿ ಕೆಳಗ ಇಟ್ಟೇನಿ."

"ನಿದ್ದೆ? ಕಾಕಾ ಎದ್ದಿಲ್ವಾ?"

"ಇಲ್ರಿ. ಕಾಲಾಗ ಕಸುವಿಲ್ಲ ಅಂತ ಮಲಗ್ಯಾರ. ಅತ್ತಿ ಒಂದss ಸವನ ಚಿಂತಿ ಮಾಡಾಕತ್ತಾರ, ಇನ್ನಾ ಜಳಕಾ ಇಲ್ಲ, ಪೂಜಿ ಇಲ್ಲ..."

"ಪೂಜೆ ಆಗಿಲ್ಲ?"

"ಇಲ್ರಿ."

"ವಿಭೂತಿ ಹಚ್ಚಿಲ್ಲ?"

ಆ ಹುಡುಗಿಗೆ ಅರ್ಥವಾದದ್ದು ನನಗೆ ಅವಳ ಉಸಿರಲ್ಲಿ ಕೇಳಿಸಿತು. "ಅಗ ಬಾಯಿ ಗ!" ಎಂದು ಮರಾಠಿಯಲ್ಲಿ ಕೂಗಿ, ಫೋನನ್ನು ಹಾಗೇ ಹಿಡಿದು ಓಡಿದಳು.

ನಿನ್ನೆ ಏನು ತಿಂದರು ಎಂದು ಕೂಗಿದೆ. ರಾತ್ರಿ ಜೋಳದ ಭಾಕ್ರಿಯ ಜೊತೆ ಕಾಕವಿ. ಎರಡು ಸಲ ಹಾಕಿಸಿಕೊಂಡರು, ಆ ಬಾಯಾರ ಕ್ಯಾನು ಭಾಳ ಚಲೋ ಐತಿ ಅಂದರಂತೆ.

ನಿಪ್ಪಾಣಿ

ಕೊಲ್ಹಾಪುರದ ಡಾಕ್ಟರಿಗೆ ಫೋನ್ ಮಾಡಿದೆ. ಅವರು ನನ್ನನ್ನು ಬಯ್ಯಲಿಲ್ಲ. ಗಡಹಿಂಗ್ಲಜದ ಆಸ್ಪತ್ರೆಗೆ ಕೂಡಲೇ ಒಯ್ಯಲಿ, ಅಲ್ಲಿಯ ಡಾಕ್ಟರಿಗೆ ನಾನು ಹೇಳುತ್ತೇನೆ, ಒಂದು ನಿಮಿಷ ತಡ ಮಾಡಬೇಡಿ ಅಂದರು. ಅದನ್ನು ವೈಶಾಲಿಗೆ ತಿಳಿಸಿ ನಾನು ಜೀಪಿಗೆ ಓಡಿದೆ. ಕರ್ ಕರ್ ಎನ್ನುತ್ತಿದ್ದ ಆ ದರಿದ್ರ ಚಪ್ಪಲಿಯನ್ನು ಕಳಚಿ ಕೈಯಲ್ಲಿ ಹಿಡಿದಿದ್ದೆ. ಬಾಳಾಸಾಹೇಬ ನನ್ನ ಮುಖ ನೋಡಿ ಏನೂ ಕೇಳದೆ ಗಾಡಿ ಬಿಟ್ಟ.

ಗಂಗವ್ವನ ಮನೆಗೆ ಮತ್ತೆ ಫೋನ್ ಮಾಡಿದಾಗ ಅಲ್ಲಿ ಜಗಳ ನಡೆದಿತ್ತು. ವೈಶಾಲಿ ಫೋನನ್ನು ನಡುವೆ ಹಿಡಿದಿದ್ದಳು. ಎಲ್ಲ ಕೇಳಿಸುತ್ತಿತ್ತು.

"ಪೂಜಿ ಆಗಲಾರದ ಬಾಯಾಗ ನೀರ ಹಾಕಿದಾಂವಲ್ಲ ನಾ," ಕಾಕಾನ ದನಿ ತೆಳ್ಳಗಿತ್ತು. "ಔಷಧ ಹೆಂಗ ತೊಗೊಳ್ಳಿ? ಎಬ್ಬಸ್ರಿ ನನ್ನ. ಜಳಕಾ ಮಾಡತೇನಿ."

"ಕಾಕಾ, ದಯವಿಟ್ಟು ಏಳಬೇಡಿ!" ಎಂದು ನಾನು ಕಿರುಚಿದೆ. ಯಾರೂ ನನ್ನ ಮಾತು ಕೇಳುತ್ತಿರಲಿಲ್ಲ. ಕೇಳಬೇಕಾದ್ದೂ ಇಲ್ಲ, ನಿನ್ನೆ ಕೇಳಿದ್ದಕ್ಕೇ ಈ ಗತಿ.

ಕೊನೆಗೆ ಕೇಳಿಸಿದ್ದು ಗಂಗವ್ವನ ದನಿ. ನಿನ್ನೆ ಹೊಸ್ತಿಲಲ್ಲಿ ನನ್ನ ತೋಳು ಹಿಡಿದು ನಿಲ್ಲಿಸಿದ ಹೆಂಗಸೇ. "ಲಿಂಗ ಗುಡ್ಯಾಗಿಲ್ರಿ, ನಿಮ್ಮ ಎದಿ ಮ್ಯಾಲ ಐತಿ. ನೀವ ಎಲ್ಲಿ ಹೋಗತೀರಿ, ಅಲ್ಲಿಗೆ ಬರತೈತಿ. ಗಾಡ್ಯಾಗ ನಿಮ್ಮ ಅಂಗೈ ನಾ ಹಿಡೀತೇನಿ, ನಾನss ನೀರ ಹಾಕತೇನಿ. ಇಲ್ಲಂದ್ರ ನಾಳೆ ಪೂಜಿ ಮಾಡವ್ರ ಯಾರು? ಏಳಬ್ಯಾಡ್ರಿ. ವೈಶಾಲಿ, ಟೆಂಪೋದವನ್ನ ಕರಿ!"

ಕಾಕಾ ಏನೋ ಅಂದರು. ಆಮೇಲೆ ಫೋನ್ ಕಟ್ಟಾಯಿತು.

ಹತ್ತೂಕಾಲಿಗೆ ಅಂಕಿ ಏಳರ ಹತ್ತಿರ. ಐದು ನಿಮಿಷಕ್ಕೊಮ್ಮೆ ಹೊಸ ಅಂಕಿ. ನಿಪ್ಪಾಣಿಯ ಹೊರಗೆ ಕಬ್ಬಿನ ಟ್ರಾಕ್ಟರುಗಳು ಸಾಲುಗಟ್ಟಿ ನಿಂತಿದ್ದವು. ಒಂದೊಂದಕ್ಕೆ ಎರಡೆರಡು ಟ್ರೇಲರು. ಒಂದರ ಕೊಂಡಿ ಕಳಚಿ ಕಬ್ಬು ರಸ್ತೆಗೆಲ್ಲ ಚೆಲ್ಲಿತ್ತು. ಸುತ್ತಲೂ ಕನ್ನಡ ಬೋರ್ಡು. ಎರಡು ದಿನದ ಹಿಂದೆ ಚಪ್ಪಾಳೆ ತಟ್ಟಿದ ಅದೇ ಜಾಗದಲ್ಲಿ ಕೂತು ನಾನು ಹಲ್ಲು ಕಚ್ಚಿದೆ. ಬಾಳಾಸಾಹೇಬ ಇಳಿದು, ತನ್ನ ಪೈಲ್ವಾನ್ ದನಿಯಲ್ಲಿ ಎಲ್ಲರನ್ನೂ ಬೈದು, ತಾನೇ ಕಬ್ಬು ಎತ್ತಿ ಬದಿಗೆ ಹಾಕತೊಡಗಿದ. ನಾನೂ ಬರಿಗಾಲಲ್ಲಿ ಇಳಿದು ಎತ್ತಿದೆ.

ಜೀಪಿಗೆ ಮರಳಿದಾಗ ಪರದೆಯ ಮೇಲೆ ಅಂಕಿಯೇ ಇರಲಿಲ್ಲ. ಬರೀ ಒಂದು ಗೆರೆ, ಕೆಳಗೆ "ಸಂಪರ್ಕವಿಲ್ಲ" ಎಂದು.

ವೈಶಾಲಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ. ಕಾಕಾನ ಫೋನಿಗೆ ಮಾಡಿದೆ, ರಿಂಗಾಗಿ ರಿಂಗಾಗಿ ನಿಂತಿತು. ಮೈ ಬೆಚ್ಚಗಿರುವವರೆಗೆ ಬಿಲ್ಲೆ ಮಾತಾಡುತ್ತದೆ ಎಂದು ನಾನೇ ತರಬೇತಿಯಲ್ಲಿ ಜಂಬದಿಂದ ಹೇಳುತ್ತಿದ್ದೆ. ಸಂಕೇಶ್ವರ ದಾಟುವಾಗ ಆ ಮಾತು ಬಿಟ್ಟು ಬೇರೇನೂ ತಲೆಯಲ್ಲಿರಲಿಲ್ಲ. ದೇವರಿಗೆ ಹರಕೆ ಹೊರುವ ಜಾತಿಯವಳಲ್ಲ ನಾನು. ಅವತ್ತು ಹೊತ್ತೆ.

ಗಡಹಿಂಗ್ಲಜ, ಮತ್ತೆ

ಕಾಕಾ ಬದುಕಿದ್ದರು. ಆಸ್ಪತ್ರೆಯ ಬಾಗಿಲಲ್ಲೇ ವೈಶಾಲಿ ಸಿಕ್ಕಳು. ಗಡಿಬಿಡಿಯಲ್ಲಿ ಕಾಕಾನ ಫೋನು ಗಾದಿಯ ಕೆಳಗೇ ಉಳಿದಿತ್ತು, ಅವಳದು ಟೆಂಪೋದಲ್ಲಿ ಬಿದ್ದುಹೋಗಿತ್ತು. ಬಿಲ್ಲೆ ಮಾತಾಡುತ್ತಲೇ ಇದ್ದರೂ ಕೇಳುವ ಫೋನು ಹತ್ತಿರ ಇರಲಿಲ್ಲ. ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಆಸ್ಪತ್ರೆಯ ಡಾಕ್ಟರು ಇಸಿಜಿ ಪಟ್ಟಿ ತೆಗೆದು ನೋಡಿ, ನೋಡುನೋಡುತ್ತಲೇ ಸೂಜಿ ಕೊಟ್ಟಿದ್ದರಂತೆ. ಇನ್ನೊಂದು ತಾಸು ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಅಂದರು. ಸಂಜೆಯ ಹೊತ್ತಿಗೆ ರಕ್ತದ ಅಂಕಿ ಇಳಿಯಿತು. ಡಯಾಲಿಸಿಸ್ ಬೇಕಾಗಲಿಲ್ಲ. ಟೆಂಪೋದಲ್ಲಿ ಬೆಲ್ಲದ ಗೋಣಿಗಳ ನಡುವೆ ಮಲಗಿಸಿ, ಗಂಗವ್ವ ಗಂಡನ ಅಂಗೈಯನ್ನು ತನ್ನ ಅಂಗೈಯಲ್ಲಿ ಹಿಡಿದು, ಬಾಟಲಿಯ ನೀರಲ್ಲಿ ಪೂಜೆ ಮುಗಿಸಿದ್ದರು.

ಕಾರಿಡಾರಿನ ಬೆಂಚಿನ ಮೇಲೆ ಅವರ ಪಕ್ಕ ಕೂತು ಎಲ್ಲ ಹೇಳಿದೆ. ಆ ಬಟ್ಟಲಲ್ಲಿ ಏನಿತ್ತೆಂದು ನನಗೆ ಗೊತ್ತಿತ್ತು, ಕ್ಯಾನನ್ನು ನಿಮ್ಮ ಮನೆಯಲ್ಲಿ ಬಿಡಬಾರದಿತ್ತು, ಗಂಟೆ ಐದಕ್ಕೇ ಬಾರಿಸಬೇಕಿತ್ತು, ಅದನ್ನು ಬಂದ್ ಮಾಡಿದ್ದು ನಾನು. ಗಂಗವ್ವ ನನ್ನತ್ತ ನೋಡಲಿಲ್ಲ. ಪರವಾಗಿಲ್ಲ ಎಂದು ಹೇಳಲಿಲ್ಲ. ಹೇಳುತ್ತಾರೆಂದು ನಾನು ಕಾದಿದ್ದೆ, ಅದೂ ನಿಜ. ಕೊನೆಗೆ ಅವರು, "ಉಂಡಿಲ್ಲಲಾ ನೀವು? ವೈಶಾಲಿ ಬುತ್ತಿ ತಂದಾಳ, ಉಣ್ರಿ," ಅಂದರು. ನಾನು ಬುತ್ತಿ ಬಿಚ್ಚಿದೆ.

ಕೊಲ್ಹಾಪುರದ ಡಾಕ್ಟರು ಮೈಸೂರಿಗೆ ತಾವೇ ಫೋನ್ ಮಾಡಿದರು. ಎರಡು ದಿನ ಬೇಕು ಎಂದಿದ್ದ ಒಪ್ಪಿಗೆ ಅರ್ಧ ತಾಸಿನಲ್ಲಿ ಬಂತು. ವಿಭೂತಿ ಎಂದೂ ಮುಟ್ಟದ ಜಾಗ ಯಾವುದು ಎಂದು ಈ ಸಲ ಕಾಕಾನನ್ನೇ ಕೇಳಿದೆ. ಅವರು ಯೋಚಿಸಿ ತೊಡೆ ತೋರಿಸಿದರು. ಹೊಸ ಬಿಲ್ಲೆ ಅಂಟಿಸಿದೆ. ಗಂಟೆಯನ್ನು ಇಪ್ಪತ್ನಾಲ್ಕು ತಾಸೂ ಬಿಚ್ಚಿಟ್ಟೆ.

"ಇದಕ್ಕ ಇನ್ನ ಬೂದಿ ಹತ್ತಂಗಿಲ್ಲ, ಹೌದಲ್ಲ?" ಎಂದರು ಕಾಕಾ. ದನಿಯಲ್ಲಿ ಜೀವ ಬಂದಿತ್ತು. "ಇನ್ನ ಬಾರಿಸಿತಂದ್ರ ಖರೇನ ಅಂತ ತಿಳಕೋಬೇಕು."

"ಖರೇನೇ ಕಾಕಾ."

ಮರುದಿನ ಬೆಳಿಗ್ಗೆ ಮಂಚದ ಮೇಲೆ ಒರಗಿ ಕೂತು ಅವರು ಪೂಜೆ ಮಾಡಿದರು. ಹಣೆ, ಕುತ್ತಿಗೆ, ಎದೆ, ರಟ್ಟೆ, ಎಲ್ಲ ಕಡೆಗೂ ವಿಭೂತಿ. ಗಂಗವ್ವ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತಿದ್ದರು. ಕಾಕಾನ ಫೋನು ಅವರ ಮಡಿಲಲ್ಲಿತ್ತು. ಐದೂವರೆ ಆಯಿತು, ಆರಾಯಿತು. ಗಂಟೆ ಬಾರಿಸಲಿಲ್ಲ. ನಾನು ಬಾಗಿಲಲ್ಲಿ ನಿಂತು ನನ್ನ ಪರದೆಯಲ್ಲಿ ಅಂಕಿ ನೋಡುತ್ತಿದ್ದೆ. ನಾಲ್ಕೂವರೆಯ ಮೇಲೆ ಹೋಗಿರಲಿಲ್ಲ. ನನಗೆ ಅಳು ಬಂತು, ಸಂತೋಷದ್ದೇ.

ಗಂಗವ್ವ ಫೋನನ್ನು ಎತ್ತಿ ಕಿವಿಗೆ ಹಿಡಿದರು. ತಿರುಗಿಸಿ ನೋಡಿದರು. ಮತ್ತೆ ಕಿವಿಗೆ ಹಿಡಿದರು. ಎದ್ದು ನನ್ನ ಹತ್ತಿರ ಬಂದರು. ನಿನ್ನೆಯಿಂದ ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ದು ಆಗಲೇ.

"ಬಾಯಾರ, ಇವತ್ತೂ ನೀವ ಬಂದ್ ಮಾಡೀರೇನು?"

"ಇಲ್ಲಮ್ಮ. ಅಂಕಿ ಸರಿಯಾಗಿದೆ, ಅದಕ್ಕೇ ಬಾರಿಸ್ತಿಲ್ಲ."

ಅವರು ಫೋನನ್ನು ನನ್ನತ್ತ ಚಾಚಿ ಅಲ್ಲೇ ನಿಂತರು. ನಾನು ಅದನ್ನು ತೆಗೆದುಕೊಂಡು ಪರೀಕ್ಷೆಯ ಗುಂಡಿ ಒತ್ತಿದೆ. ಗಂಟೆ ವಾರ್ಡಿನಲ್ಲೆಲ್ಲ ಕಿರುಚಿತು. ಮಲಗಿದ್ದ ರೋಗಿಗಳು ಎದ್ದು ಬೈದರು. ಗಂಗವ್ವ ಕಣ್ಣು ಮುಚ್ಚಿ ಅದು ನಿಲ್ಲುವವರೆಗೂ ಕೇಳಿದರು.

"ಇನ್ನೊಮ್ಮೆ ಬಾರಸ್ರಿ," ಅಂದರು.

ಬಾರಿಸಿದೆ.